ಬಾಣಕ್ಕೂ ಬೇಕು ಬಣ್ಣದ ಹದ

ಸವದತ್ತಿ ಗುಡ್ಡದ ಯಲ್ಲಮ್ಮ ಜಮದಗ್ನಿಯ ಮಡದಿ ರೇಣುಕೆಯೇ ಎಂಬುದು ಭಕ್ತರ ನಂಬಿಕೆ. ಆ ರೇಣುಕೆಯ ಬಗ್ಗೆ ಮಹಾಭಾರತದ ಅನುಶಾಸನ ಪರ್ವದಲ್ಲೊಂದು ಕತೆ ಬರುತ್ತದೆ. ಕೊಡ ಹಿಡಿದು ಹೊಳೆಗೆ ಹೋದ ಕತೆಯಷ್ಟು ಅದು ಜನರ ಬಾಯಲ್ಲಿ ಇಲ್ಲ. ಜಮದಗ್ನಿ ಆಟಕ್ಕೆಂದು ಬಾಣದ ಮೇಲೆ ಬಾಣ ಬಿಡುತ್ತಿದ್ದ, ರೇಣುಕೆ ಓಡಿಹೋಗಿ ಅವನ್ನು ಹೆಕ್ಕಿ ತರುತ್ತಿದ್ದಳು. ಜ್ಯೇಷ್ಠ ಮಾಸದ ಮಟಮಟ ಮಧ್ಯಾಹ್ನ. ನೆತ್ತಿ ಕಾದು, ಕಾಲು ಸುಟ್ಟು, ಆಕೆ ಮರದ ನೆರಳಲ್ಲಿ ಒಂದು ಗಳಿಗೆ ನಿಂತಳು. ತಡವಾಯಿತೆಂದು ಸಿಟ್ಟಾದ ಋಷಿ ಸೂರ್ಯನಿಗೇ ಗುರಿ ಹಿಡಿದ. ಸೂರ್ಯ ಬ್ರಾಹ್ಮಣನ ವೇಷದಲ್ಲಿ ಇಳಿದು ಬಂದು, ಕೊಡೆಯನ್ನೂ ಪಾದರಕ್ಷೆಯನ್ನೂ ಕೊಟ್ಟು ರಾಜಿಯಾದ.

ಬಿಲ್ಲು ಹಿಡಿದವರು ಈ ಕತೆಯಲ್ಲಿ ಗುರುತಿಸುವುದು ರೇಣುಕೆಯ ಪಾಡನ್ನು. ಬಾಣ ಬಿಡುವುದು ಕ್ಷಣದ ಕೆಲಸ, ಹುಡುಕಿ ತರುವುದೇ ದೊಡ್ಡ ಕೆಲಸ. ಒಣಗಿದ ಹುಲ್ಲಿನ ಬಣ್ಣವೂ ಬಿದಿರಿನ ಬಣ್ಣವೂ ಒಂದೇ. ಗುರಿ ತಪ್ಪಿದ ಕಡ್ಡಿ ಹುಲ್ಲಿನ ಬುಡದಲ್ಲಿ ಅಡ್ಡಬಿದ್ದರೆ ಎರಡು ಮಾರು ದೂರದಿಂದಲೂ ಕಾಣುವುದಿಲ್ಲ. ಬಾಣಕ್ಕೆ ಬಣ್ಣ ಬಳಿಯುವುದು ಅಲಂಕಾರಕ್ಕಿಂತ ಮೊದಲು ಈ ತೊಂದರೆಗೆ ಪರಿಹಾರ. ಅದಕ್ಕೆ ದುಬಾರಿ ಸಾಮಾನು ಬೇಡ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪೇಟೆಗಳಲ್ಲಿ ಹಾರ್ಡ್‌ವೇರ್ ಅಂಗಡಿಗೂ ಎಣ್ಣೆಯ ಗಾಣಕ್ಕೂ ಹೋಗಿಬಂದರೆ ಬೇಕಾದದ್ದೆಲ್ಲ ಕೈಸೇರುತ್ತದೆ.

ಬೇಟೆಯಿಂದ ಮೈದಾನಕ್ಕೆ

ಬಿಲ್ಲು ಈ ಸೀಮೆಗೆ ಹೊಸದಲ್ಲ. ಬೆಳಗಾವಿ, ಧಾರವಾಡ ಭಾಗದ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರು ಕಾಣಸಿಗುತ್ತಾರೆ. ಸವದತ್ತಿಯಿಂದ ಆಳಿದ ರಟ್ಟರು ಅಧಿರಾಜರೆಂದು ಒಪ್ಪಿಕೊಂಡಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆಸಿದ. ಅದರಲ್ಲಿ ಬೇಟೆಯ ವಿವರವೂ ಇದೆ, ಚಿತ್ರ ಬರೆಯುವ ವಿಧಾನವೂ ಇದೆ. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ, ಕಡ್ಡಿಗಳಾಗಿ ಒಣಗಿಸಿ ಇಟ್ಟುಕೊಳ್ಳುವ ‘ವಜ್ರಲೇಪ’ ಎಂಬ ಅಂಟಿನ ಕ್ರಮವನ್ನು ಆ ಗ್ರಂಥ ಹೇಳುತ್ತದೆ. ಬೇಟೆಗಾರ ಬೇಡರ ನೆನಪು ಇಲ್ಲಿನ ಸ್ಥಳಪುರಾಣದಲ್ಲೂ ಉಂಟು: ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಬೇಡರ ಹೆಣ್ಣುಮಗಳು ಶಬರಿ ರಾಮನಿಗಾಗಿ ಕಾದ ಜಾಗ ಅದು ಎಂದು ಜನ ನಡೆದುಕೊಳ್ಳುತ್ತಾರೆ.

1824ರ ಕಿತ್ತೂರು ಕದನದ ಹೊತ್ತಿಗೆ ಯುದ್ಧದಲ್ಲಿ ಬಿಲ್ಲಿನ ಜಾಗವನ್ನು ಬಂದೂಕು ಹಿಡಿದಾಗಿತ್ತು. ಆ ಕದನದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಉರುಳಿದ್ದು ಗುಂಡಿಗೆ. 1857ರಲ್ಲಿ ಬ್ರಿಟಿಷರು ಆಯುಧಗಳ ಮೇಲೆ ಕಾನೂನು ತಂದಾಗ ಪಕ್ಕದ ಮುಧೋಳ ಸೀಮೆಯ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದರು. ಆ ಬಂಡಾಯದ ಲಾವಣಿ ಇವತ್ತಿಗೂ ಉಳಿದಿದೆ.

ಈಗ ಬೇಟೆಗೆ ದಾರಿ ಮುಚ್ಚಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಕೊಂದರೆ ಮಾತ್ರವಲ್ಲ, ಕೊಲ್ಲಲು ಹೊರಟರೂ ಅದು ಬೇಟೆಯೇ. ಆದ್ದರಿಂದ ಇಲ್ಲಿ ಹೇಳುವ ಬಾಣಗಳು ಹುಲ್ಲಿನ ಗುರಿಹಲಗೆಗೆ ಮಾತ್ರ. ಬೇಟೆಯ ಬಾಣಕ್ಕೆ ಬೇಕಾಗಿದ್ದ ಗುಣಗಳೇ ಇವಕ್ಕೂ ಬೇಕು. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಬಿದಿರಿನ ಬಿಲ್ಲಿನಿಂದ ಬೇಟೆಯಾಡುತ್ತಾ ಬೆಳೆದ ಲಿಂಬಾ ರಾಮ್ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ರಾಂಚಿಯ ಹತ್ತಿರದ ದೀಪಿಕಾ ಕುಮಾರಿಯ ಮೊದಲ ಅಭ್ಯಾಸವೂ ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲು ಬಾಣಗಳಲ್ಲಿ. ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವೇ ಇದೆ. ಬಿದಿರಿನ, ಮರದ ಸಲಕರಣೆಗಳಿಂದ 30 ಮತ್ತು 50 ಮೀಟರ್ ದೂರಕ್ಕೆ ಬಾಣ ಬಿಡುವ ಸ್ಪರ್ಧೆ ಅದು. ಕಾರ್ಬನ್ ಬಾಣ ಕೊಳ್ಳಲಾಗದ ಮಕ್ಕಳಿಗೆ ಈ ಆಟದೊಳಗೆ ಕಾಲಿಡಲು ಇರುವ ಬಾಗಿಲೂ ಅದೇ.

ಕಡ್ಡಿ ಆರಿಸುವಲ್ಲೇ ಅರ್ಧ ಕೆಲಸ

ಕಿತ್ತೂರಿನಿಂದ ಪಶ್ಚಿಮಕ್ಕೆ, ಖಾನಾಪುರದ ಕಡೆಗೆ ಹೋದಂತೆ ಮಳೆ ಹೆಚ್ಚಿ ಬಿದಿರು ಕಾಣಿಸತೊಡಗುತ್ತದೆ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗ ಮುಟ್ಟುವಷ್ಟರಲ್ಲಿ ಎರೆಭೂಮಿ, ಉರಿಬಿಸಿಲು, ಒಣಹವೆ. ಬಾಣದ ಕಡ್ಡಿಗೆ ಎರಡೂ ಕಡೆ ಕಾಟ ತಪ್ಪಿದ್ದಲ್ಲ. ಮಳೆಸೀಮೆಯಲ್ಲಿ ತೇವ ಕುಡಿದು ಬಾಗುತ್ತದೆ, ಬಿಸಿಲುಸೀಮೆಯಲ್ಲಿ ಒಣಗಿ ಸೀಳುತ್ತದೆ.

ಬುಟ್ಟಿ, ಮೊರ ಹೆಣೆಯುವ ಮೇದಾರರ ಹತ್ತಿರ ಕೇಳಿದರೆ ಒಳ್ಳೆಯ ಬಿದಿರು ಗುರುತಿಸಿ ಕೊಡುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ‘ಮರ’ದ ವ್ಯಾಖ್ಯೆಯಿಂದ ಕೈಬಿಟ್ಟಿತು. ಕಾಡಿನ ಬಿದಿರಿಗೆ ಮಾತ್ರ ಹಳೆಯ ಕಟ್ಟುಪಾಡೇ ಉಂಟು. ಎಳೆಯ ಬಿದಿರು ಬೇಡ, ಮೂರು ವರ್ಷ ದಾಟಿ ಬಲಿತದ್ದು ಬೇಕು. ಮಳೆಗಾಲ ಕಳೆದ ಮೇಲೆ ಕಡಿದದ್ದರಲ್ಲಿ ಪಿಷ್ಟ ಕಡಿಮೆ, ಹಾಗಾಗಿ ಕೊರೆಯುವ ಹುಳುವಿನ ಕಾಟವೂ ಕಡಿಮೆ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಉಳಿದ ಪಿಷ್ಟವೂ ಕರಗಿ ಹೋಗುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಬೇಕು.

ಬಾಣದ ಕಡ್ಡಿಯ ವಿಚಾರವನ್ನು ಧನುರ್ವೇದದ ಗ್ರಂಥಗಳು ಸೂಕ್ಷ್ಮವಾಗಿ ಹೇಳಿವೆ. ಮುಂದೆ ದಪ್ಪವಿದ್ದದ್ದು ಹೆಣ್ಣು ಬಾಣ, ಅದು ದೂರ ಹೋಗುತ್ತದೆ. ಹಿಂದೆ ದಪ್ಪವಿದ್ದದ್ದು ಗಂಡು ಬಾಣ, ಗಟ್ಟಿ ವಸ್ತುವನ್ನು ಭೇದಿಸುತ್ತದೆ. ಉದ್ದಕ್ಕೂ ಸಮನಾಗಿರುವುದು ನಪುಂಸಕ, ಗುರಿಯ ಅಭ್ಯಾಸಕ್ಕೆ ಅದೇ ಮೇಲು. ಗುರಿಹಲಗೆಯ ಮುಂದೆ ನಿಲ್ಲುವ ಹುಡುಗ ಹುಡುಗಿಯರು ಹುಡುಕಬೇಕಾದದ್ದು ಈ ಮೂರನೆಯದನ್ನು.

ಒಣಗಿದ ಕಡ್ಡಿ ಸೊಟ್ಟಗಿದ್ದರೆ ಕೆಂಡದ ಮೇಲೆ ಹಿಡಿದು, ತಿರುಗಿಸುತ್ತಾ ಬಿಸಿ ಮಾಡಿ ನೆಟ್ಟಗೆ ಮಾಡಬೇಕು. ಶಾಖಕ್ಕೆ ಬಿದಿರಿನ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಮೆತ್ತಗಾಗುತ್ತದೆ. ಬಗ್ಗಿಸಿ, ಆರುವವರೆಗೆ ಹಾಗೇ ಹಿಡಿದರೆ ಆಕಾರ ನಿಲ್ಲುತ್ತದೆ. ಗೆಣ್ಣುಗಳ ಬಳಿ ತಾಳ್ಮೆ ಬೇಕು, ಮುರಿಯುವುದು ಅಲ್ಲಿಯೇ. ಈ ಕೆಲಸ ಮುಗಿಯದೆ ಬಣ್ಣದ ಡಬ್ಬಿ ತೆರೆಯಬಾರದು. ಬಣ್ಣದ ಮೇಲೆ ಶಾಖ ತಾಗಿದರೆ ಬೊಬ್ಬೆ ಏಳುತ್ತದೆ.

ಉಜ್ಜುವುದಕ್ಕೂ ಲೆಕ್ಕವಿದೆ

ಬಿದಿರಿನ ಹೊರಸಿಪ್ಪೆಯಲ್ಲಿ ಮೇಣವೂ ಸಿಲಿಕಾವೂ ಇರುವುದರಿಂದ ಬಣ್ಣ ಅದಕ್ಕೆ ಕಚ್ಚುವುದಿಲ್ಲ, ಒಣಗಿದ ಮೇಲೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಆ ಹೊಳಪನ್ನು ಚಾಕುವಿನ ಅಲಗಿನಿಂದ ಹಗುರವಾಗಿ ಕೆರೆದು ತೆಗೆಯಬೇಕು. ಅನಂತರ 150 ನಂಬರಿನ ಸ್ಯಾಂಡ್‌ಪೇಪರ್, ಕೊನೆಗೆ 220 ಅಥವಾ 320. ಉಜ್ಜುವುದು ನಾರಿನ ಉದ್ದಕ್ಕೆ, ಅಡ್ಡಕ್ಕಲ್ಲ.

ಇಲ್ಲಿ ಹಲವರು ಉತ್ಸಾಹಕ್ಕೆ ಬಿದ್ದು ಕಡ್ಡಿಯನ್ನು ಹಾಳು ಮಾಡುತ್ತಾರೆ. ಗುಂಡನೆಯ ಕಡ್ಡಿಯ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 8 ಮಿಲಿಮೀಟರ್ ಕಡ್ಡಿಯನ್ನು ಉಜ್ಜಿ 7.6 ಮಾಡಿದರೆ ಕಳೆದದ್ದು ನೂರಕ್ಕೆ ಐದು ಪಾಲು ದಪ್ಪ, ಆದರೆ ಬಿಗಿ ಇಳಿಯುವುದು ನೂರಕ್ಕೆ ಸುಮಾರು 19 ಪಾಲು. ಬಿದಿರಿನಲ್ಲಿ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಅದರ ಗಟ್ಟಿ ನಾರುಗಳು ಒತ್ತಾಗಿರುವುದು ಹೊರಪದರದಲ್ಲೇ. ಹೆದೆಯಿಂದ ಹೊರಟ ಬಾಣ ಬಿಲ್ಲನ್ನು ಬಳಸಿ ಹೋಗುವಾಗ ಬಳುಕುತ್ತದೆ. ಹನ್ನೆರಡು ಬಾಣಗಳೂ ಒಂದೇ ರೀತಿ ಬಳುಕಿದರೆ ಮಾತ್ರ ಒಂದೇ ಕಡೆ ನಾಟುತ್ತವೆ. ಒಂದನ್ನು ಹೆಚ್ಚು ಉಜ್ಜಿ ಇನ್ನೊಂದನ್ನು ಕಡಿಮೆ ಉಜ್ಜಿದರೆ ಎಂಥ ಬಣ್ಣ ಬಳಿದರೂ ಅದು ಸರಿಹೋಗುವುದಿಲ್ಲ.

ತೇವ ತಡೆಯುವ ಮೂರು ದಾರಿ

ಮೊದಲನೆಯದು ಅಗಸೆ ಎಣ್ಣೆ. ಉತ್ತರ ಕರ್ನಾಟಕದ ಊಟದಲ್ಲಿ ಅಗಸಿ ಚಟ್ನಿಗೆ ಇರುವ ಜಾಗ ಎಲ್ಲರಿಗೂ ಗೊತ್ತು. ಅದೇ ಬೀಜದ ಎಣ್ಣೆ ಮರಕ್ಕೆ ಹಚ್ಚಿದರೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ. ಎಲ್ಲ ಎಣ್ಣೆಗಳೂ ಹೀಗಲ್ಲ. ಒಣಗುವ ಗುಣವನ್ನು ಅಳೆಯಲು ರಸಾಯನಶಾಸ್ತ್ರಜ್ಞರು ‘ಅಯೋಡಿನ್ ಮೌಲ್ಯ’ ನೋಡುತ್ತಾರೆ. ಅಗಸೆ ಎಣ್ಣೆಗೆ ಅದು 170ರಿಂದ 200, ಕುಸುಬೆ ಎಣ್ಣೆಗೆ 140ರ ಆಸುಪಾಸು, ಶೇಂಗಾ ಎಣ್ಣೆಗೆ ನೂರರ ಒಳಹೊರಗೆ, ಕೊಬ್ಬರಿ ಎಣ್ಣೆಗೆ ಹತ್ತರೊಳಗೆ. ಶೇಂಗಾ ಎಣ್ಣೆ ಹಚ್ಚಿದ ಬಾಣ ತಿಂಗಳಾದರೂ ಜಿಡ್ಡಾಗಿಯೇ ಇದ್ದು ಧೂಳು ಹಿಡಿಯುವುದು ಇದೇ ಕಾರಣಕ್ಕೆ. ಅಗಸೆ ಸಿಗದಿದ್ದರೆ ಕುಸುಬೆ ಆದೀತು, ಆದರೆ ಒಣಗಲು ಹೆಚ್ಚು ದಿನ ಬೇಕು.

ಹಚ್ಚುವ ಕ್ರಮ ಸರಳ. ಬಟ್ಟೆಯ ತುಂಡಿಗೆ ಕೆಲವು ಹನಿ ಹಾಕಿ ಕಡ್ಡಿಗೆ ಉಜ್ಜಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿಬಿಡಬೇಕು. ಒಂದೆರಡು ದಿನ ಗಾಳಿಗೆ ಇಟ್ಟು ಮತ್ತೊಮ್ಮೆ. ಮೂರು ಸಲ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ‘ಬಾಯ್ಲ್ಡ್ ಲಿನ್‌ಸೀಡ್’ ಎಣ್ಣೆಗೆ ಬೇಗ ಒಣಗಿಸುವ ಲೋಹದ ಲವಣ ಬೆರೆಸಿರುತ್ತಾರೆ, ಅದನ್ನು ಅಡುಗೆಮನೆಗೆ ಒಯ್ಯಬಾರದು.

ಎರಡನೆಯದು ಅರಗು. ಮುತ್ತುಗ, ಬೋರೆಯಂಥ ಮರಗಳ ಮೇಲೆ ಬದುಕುವ ಪುಟ್ಟ ಕೀಟ ಸ್ರವಿಸುವ ರಾಳ ಇದು. ಚನ್ನಪಟ್ಟಣದ ಗೊಂಬೆಗಳ ಹೊಳಪು ಇದರದೇ. ಮರದ ಪಾಲಿಶ್ ಮಾಡುವವರು ಬಳಸುವ ಅರಗಿನ ಚಕ್ಕೆಯನ್ನು 100 ಮಿಲಿಲೀಟರ್ ಸ್ಪಿರಿಟ್‌ಗೆ 15ರಿಂದ 20 ಗ್ರಾಂ ಹಾಕಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿದರೆ ಲೇಪ ಸಿದ್ಧ. ಅರ್ಧ ಗಂಟೆಯಲ್ಲಿ ಒಣಗುವುದರಿಂದ ಒಂದೇ ಮಧ್ಯಾಹ್ನ ಮೂರು ಕೋಟು ಮುಗಿಯುತ್ತದೆ. ಕೊರತೆಯೂ ಇದೆ: ಜಡಿಮಳೆಯ ದಿನ ಹಚ್ಚಿದರೆ ಬಿಳಿ ಮಂಜು ಕವಿಯುತ್ತದೆ, ನೀರಿನಲ್ಲಿ ಬಹಳ ಹೊತ್ತು ನೆನೆದರೆ ಮಾಸುತ್ತದೆ. ರಾಮದುರ್ಗದ ಒಣಹವೆಗೆ ಇದು ಹೊಂದುತ್ತದೆ, ಕಿತ್ತೂರಿನ ಜುಲೈ ತಿಂಗಳಿಗೆ ಹೊಂದುವುದಿಲ್ಲ. ಪಾಂಡವರ ಅರಗಿನ ಮನೆ ನೆನಪಿದ್ದವರಿಗೆ ಇದನ್ನು ಒಲೆಯ ಹತ್ತಿರ ಇಡಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಪಾಲಿಯುರೆಥೇನ್ ವಾರ್ನಿಶ್, ಅಂಗಡಿಯವರ ಮಾತಿನಲ್ಲಿ ‘ಪಿಯು’. ಮೂರರಲ್ಲಿ ಬೆಲೆ ಹೆಚ್ಚು, ನೀರಿಗೆ ತಡೆಯೂ ಹೆಚ್ಚು. ಆದರೂ ಡಜನ್ ಬಾಣಕ್ಕೆ ಎಷ್ಟು ಬೇಕೆಂದು ಲೆಕ್ಕ ಹಾಕಿದರೆ ಗಾಬರಿ ಇಳಿಯುತ್ತದೆ. 75 ಸೆಂಟಿಮೀಟರ್ ಉದ್ದ, 8 ಮಿಲಿಮೀಟರ್ ದಪ್ಪದ ಕಡ್ಡಿಯ ಮೈ 190 ಚದರ ಸೆಂಟಿಮೀಟರ್‌ಗಿಂತ ತುಸು ಕಡಿಮೆ. ಹನ್ನೆರಡು ಕಡ್ಡಿ ಸೇರಿದರೂ ಕಾಲು ಚದರ ಮೀಟರ್ ಆಗುವುದಿಲ್ಲ. ಒಂದು ಲೀಟರ್ ವಾರ್ನಿಶ್ 10 ಚದರ ಮೀಟರ್ ಹರಡುತ್ತದೆಂದು ಹಿಡಿದರೆ ಒಂದು ಪದರಕ್ಕೆ ಸುಮಾರು 23 ಮಿಲಿಲೀಟರ್, ಮೂರಕ್ಕೆ 70. ನೂರು ಮಿಲಿಲೀಟರಿನ ಡಬ್ಬಿ ಸಾಕು.

ಒಂದೇ ಸಮನಾಗಿ ಹಚ್ಚಬೇಕೆನ್ನುವವರು ಅದ್ದುವ ಕೊಳವೆ ಮಾಡಿಕೊಳ್ಳುತ್ತಾರೆ. ಒಳವ್ಯಾಸ 2 ಸೆಂಟಿಮೀಟರ್ ಇರುವ ಪಿವಿಸಿ ಪೈಪಿನ ಒಂದು ತುದಿ ಮುಚ್ಚಿ, ಸುಮಾರು 200 ಮಿಲಿಲೀಟರ್ ವಾರ್ನಿಶ್ ಸುರಿದು, ಕಡ್ಡಿಯನ್ನು ಇಳಿಸಿ ಮೇಲಕ್ಕೆಳೆಯುವುದು. ಕಾಲೋನಿಯ ನಾಲ್ಕಾರು ಮಕ್ಕಳು ಸೇರಿ ಮಾಡಿದರೆ ಖರ್ಚು ಹಂಚಿಹೋಗುತ್ತದೆ, ಉಳಿದದ್ದು ಡಬ್ಬಿಗೆ ವಾಪಸ್. ನಿಧಾನ ಎಳೆದಷ್ಟೂ ಪದರ ತೆಳು, ಜೋರಾಗಿ ಎಳೆದರೆ ದಪ್ಪವಾಗಿ ಕೆಳತುದಿಯಲ್ಲಿ ಹನಿ ಕಟ್ಟುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡಿಗೆ ಕಡ್ಡಿಗಿಂತ ಸಣ್ಣ ತೂತು ಮಾಡಿ ಪೈಪಿನ ಬಾಯಿಗೆ ಕಟ್ಟಿದರೆ ಹೆಚ್ಚಾದದ್ದನ್ನು ಅದೇ ಒರೆಸಿ ಕಳಿಸುತ್ತದೆ.

ಯಾವ ಲೇಪವೇ ಆಗಲಿ, ಕಡ್ಡಿಯ ಎರಡು ತುದಿಗಳನ್ನು ಮರೆಯಬಾರದು. ನಾರಿನ ಬಾಯಿ ತೆರೆದಿರುವುದು ಅಲ್ಲಿ, ನೀರು ಹೆಚ್ಚು ನುಗ್ಗುವುದೂ ಅಲ್ಲಿಂದಲೇ.

ಬಣ್ಣ ಎಲ್ಲಿ, ಎಷ್ಟು?

ಬಿದಿರಿನ ಬಾಣ ಸಾಮಾನ್ಯವಾಗಿ 25ರಿಂದ 35 ಗ್ರಾಂ ತೂಗುತ್ತದೆ. ಬಣ್ಣದಿಂದಲೇ ಒಂದು ಗ್ರಾಂ ಕೂಡಿದರೂ ನೂರಕ್ಕೆ ಮೂರ್ನಾಲ್ಕು ಪಾಲು ಹೆಚ್ಚಾದಂತೆ. ಅದೂ ಹಿಂತುದಿಯಲ್ಲೇ ಕೂಡಿದರೆ ಬಾಣದ ತೂಕದ ನಡು ಹಿಂದಕ್ಕೆ ಸರಿದು ಹಾರಾಟ ಅಲುಗಾಡುತ್ತದೆ. ಹಾಗಾಗಿ ಚಿನ್ನಬೆಳ್ಳಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಬಣ್ಣಕ್ಕೆ ಮೊದಲೊಮ್ಮೆ, ಬಣ್ಣವಾದ ಮೇಲೊಮ್ಮೆ ತೂಗಿ, ಹತ್ತಿರದ ತೂಕದವನ್ನು ಒಂದು ಗುಂಪಾಗಿ ಇಡುವುದು ಜಾಣತನ. ಬಣ್ಣ ಯಾವ ಕಂಪನಿಯದು ಎಂಬುದಕ್ಕಿಂತ ಈ ಸಮತೂಕವೇ ಗುರಿಯನ್ನು ನಿರ್ಧರಿಸುತ್ತದೆ.

ಬಿದಿರಿನ ನಡುಭಾಗಕ್ಕೆ ಬಣ್ಣ ಬೇಡ, ಪಾರದರ್ಶಕ ಲೇಪವಷ್ಟೇ ಇರಲಿ. ಕಾರಣ ಸುರಕ್ಷತೆ. ಕೂದಲೆಳೆಯಂಥ ಸೀಳನ್ನು ದಪ್ಪ ಬಣ್ಣ ಮುಚ್ಚಿಬಿಡುತ್ತದೆ. ಸೀಳಿದ ಬಾಣ ಹೆದೆ ಬಿಡುವಾಗ ಮುರಿದರೆ ಚೂಪಾದ ತುಂಡು ಬಿಲ್ಲು ಹಿಡಿದ ಕೈಗೆ ಹೊಗುತ್ತದೆ. ಬಣ್ಣವೆಲ್ಲ ಗರಿಯಿರುವ ಹಿಂಭಾಗದ 20 ಸೆಂಟಿಮೀಟರಿಗೆ ಸೀಮಿತವಾದರೆ ಸಾಕು. ಹುಲ್ಲಿನಲ್ಲಿ ಬಿದ್ದರೂ ಹಲಗೆಯಲ್ಲಿ ನಾಟಿದರೂ ಕಣ್ಣಿಗೆ ಕಾಣುವುದು ಆ ತುದಿಯೇ.

ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿಯಲು ಪುಟ್ಟ ಡಬ್ಬಿಗಳಲ್ಲಿ ತಂದ ಎನಾಮೆಲ್ ಬಣ್ಣ ಉಳಿದಿದ್ದರೆ ಬಾಣಕ್ಕೆ ಅದೇ ಸಾಕು. ಗುರಿಹಲಗೆಯಲ್ಲಿ ಹಳದಿ, ಕೆಂಪು, ನೀಲಿ, ಕಪ್ಪು, ಬಿಳಿ ಬಳೆಗಳಿರುತ್ತವೆ. ಅವುಗಳಲ್ಲಿ ಇಲ್ಲದ, ಹುಲ್ಲಿನಲ್ಲೂ ಎದ್ದು ಕಾಣುವ ಬಣ್ಣ ಕಿತ್ತಳೆ ಇಲ್ಲವೇ ದಟ್ಟ ಗುಲಾಬಿ. ಹೊಳೆಯುವ ಫ್ಲೋರೊಸೆಂಟ್ ಬಣ್ಣವಾದರೆ ಅಡಿಗೆ ಬಿಳಿಯ ಕೋಟು ಬೇಕು, ಇಲ್ಲದಿದ್ದರೆ ಮಂಕಾಗುತ್ತದೆ. ಬೇಟೆಗೆ ಪರವಾನಗಿ ಇರುವ ಕೆಲವು ದೇಶಗಳಲ್ಲಿ ಬೇಟೆಗಾರರು ಕಿತ್ತಳೆ ಅಂಗಿ ತೊಡುತ್ತಾರೆ. ಮನುಷ್ಯರಿಗೆ ಕಣ್ಣು ಕುಕ್ಕುವ ಆ ಬಣ್ಣ ಜಿಂಕೆಯ ಕಣ್ಣಿಗೆ ಹಾಗೆ ಕಾಣುವುದಿಲ್ಲ.

ಉಂಗುರ ಉಂಗುರವಾಗಿ ಪಟ್ಟೆ ಎಳೆಯಲು ಯಂತ್ರ ಬೇಕಿಲ್ಲ. ಎರಡು ಹಲಗೆ ತುಂಡುಗಳಲ್ಲಿ ‘ವಿ’ ಆಕಾರದ ಕಚ್ಚು ಮಾಡಿ, ಕಡ್ಡಿಯನ್ನು ಅವುಗಳ ಮೇಲಿಟ್ಟು ಒಂದು ಕೈಯಿಂದ ಉರುಳಿಸುತ್ತಾ, ಇನ್ನೊಂದು ಕೈಯಲ್ಲಿ ಬ್ರಷ್ಷನ್ನು ಅಲುಗಾಡಿಸದೆ ಹಿಡಿದರೆ ಪಟ್ಟೆ ತಾನಾಗಿ ಮೂಡುತ್ತದೆ. ಅಂಚು ಚೂಪಾಗಿ ಬರಬೇಕಾದರೆ ಎಲೆಕ್ಟ್ರಿಕ್ ಟೇಪ್ ಸುತ್ತಿ ಬಳಿದು, ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪ್ ಬಿಚ್ಚಬೇಕು.

ಪಟ್ಟೆಗಳಿಗೆ ಹಳೆಯ ಚರಿತ್ರೆಯಿದೆ. ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯವನೆನಿಸಿದ ಇಶಿ ತನ್ನ ಬಾಣಗಳ ಗರಿಯ ಬಳಿ ಬಣ್ಣದ ಉಂಗುರ ಬರೆಯುತ್ತಿದ್ದ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ ‘ಓಟ್ಜಿ’ ಎಂಬ ಶವದ ಜೊತೆಗಿದ್ದ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು. ಪೂರ್ಣಗೊಂಡಿದ್ದು ಎರಡು ಮಾತ್ರ, ಅವುಗಳ ಗರಿಯನ್ನು ಬರ್ಚ್ ಮರದ ಟಾರಿನಿಂದ ಅಂಟಿಸಿ ದಾರ ಸುತ್ತಲಾಗಿತ್ತು. ಮಹಾಭಾರತದ ಯುದ್ಧಪರ್ವಗಳಲ್ಲಿ ಬಿಲ್ಲುಗಾರನ ಹೆಸರು ಹೊತ್ತ ಬಾಣಗಳು ಹಾರುತ್ತವೆ. ಇಂದಿನ ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ನಿಯಮವೂ ಅದನ್ನೇ ಕೇಳುತ್ತದೆ: ಪ್ರತಿ ಬಾಣದ ಮೇಲೆ ಕ್ರೀಡಾಪಟುವಿನ ಹೆಸರು ಅಥವಾ ಮೊದಲಕ್ಷರ ಇರಬೇಕು, ಒಂದು ಸುತ್ತಿನಲ್ಲಿ ಬಿಡುವ ಬಾಣಗಳ ಗರಿ, ಕಚ್ಚು, ಪಟ್ಟೆ ಒಂದೇ ವಿನ್ಯಾಸ, ಒಂದೇ ಬಣ್ಣದಲ್ಲಿರಬೇಕು, ಕಡ್ಡಿಯ ದಪ್ಪ 9.3 ಮಿಲಿಮೀಟರ್ ಮೀರಬಾರದು. ಬಣ್ಣ ಬಳಿಯುವ ಮೊದಲೇ ಈ ನಿಯಮ ತಿಳಿದಿದ್ದರೆ ಮುಂದೆ ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಎರಡನೇ ಸಲದ ಕೆಲಸ ತಪ್ಪುತ್ತದೆ.

ಗರಿ ಅಂಟಿಸುವಾಗ ಅವಸರ ಬೇಡ. ಎನಾಮೆಲ್ ಮುಟ್ಟಿದರೆ ಒಣಗಿದಂತೆ ಅನ್ನಿಸಿದರೂ ಒಳಗೆ ಹಸಿಯಿರುತ್ತದೆ. ಒಂದು ವಾರ ಬಿಡದೆ ಗರಿ ಅಂಟಿಸಿದರೆ ಗರಿಯ ಜೊತೆ ಬಣ್ಣವೂ ಕಿತ್ತುಬರುತ್ತದೆ. ಮರಗೆಲಸದ ಸಾಮಾನ್ಯ ಬಿಳಿ ಅಂಟು ನೀರಿಗೆ ನಿಲ್ಲುವುದಿಲ್ಲ, ಎಪಾಕ್ಸಿ ಅಂಟು ನಿಲ್ಲುತ್ತದೆ. ಧನುರ್ವೇದ ಹೇಳುವ ಹದ್ದು, ನವಿಲಿನ ಗರಿಗಳ ಆಸೆ ಬಿಟ್ಟು, ಅಂಗಡಿಯ ಪ್ಲಾಸ್ಟಿಕ್ ಗರಿ ಅಥವಾ ಸಾಕಿದ ಟರ್ಕಿ ಕೋಳಿಯ ಗರಿ ಬಳಸುವುದು ಕಾನೂನಿಗೂ ಒಳ್ಳೆಯದು, ಪಕ್ಷಿಗಳಿಗೂ ಒಳ್ಳೆಯದು.

ಮಕ್ಕಳಿಂದ ಈ ಕೆಲಸ ಮಾಡಿಸುವ ಪಾಲಕರು, ಶಿಕ್ಷಕರು ಕೆಲವು ಎಚ್ಚರ ವಹಿಸಬೇಕು. ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೂ ಹಳೆಯ ಡಬ್ಬಿ ಅಟ್ಟದ ಮೇಲಿದ್ದರೆ ಬಾಣಕ್ಕೆ ಬಳಸಬೇಡಿ. ಸ್ಪಿರಿಟ್, ಥಿನ್ನರ್ ಕೆಲಸ ಬಯಲಿನಲ್ಲಿ ನಡೆಯಲಿ. ಪ್ರತಿ ಅಭ್ಯಾಸಕ್ಕೂ ಮೊದಲು ಪ್ರತಿ ಬಾಣವನ್ನೂ ತುಸು ಬಗ್ಗಿಸಿ ನೋಡಿ, ಚಿಟ್ಟೆಂದು ಸದ್ದು ಬಂದರೆ ಮುರಿದು ಎಸೆಯಿರಿ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಒಣಗುವಾಗ ತನ್ನದೇ ಶಾಖಕ್ಕೆ ಅದು ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಅದನ್ನು ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವಿ.